ಉಮ್ಮತ್ತಿಯೊಳಗಿನ ಬಿಳಿ ಗುಂಡು

ಮೊದಲ ಉತ್ತರ ಪತ್ರಿಕೆ ಹೊಳಲ್ಕೆರೆಯದು. ಉಮ್ಮತ್ತಿ ಹೂವಿನ ಅಂಡಾಶಯವನ್ನು ಅಡ್ಡ ಕೊಯ್ದರೆ ಹೇಗೆ ಕಾಣುತ್ತದೋ ಆ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದು ಶೋಭಾರಾಣಿ ಕೇಳಿದ್ದಳು. ಹುಡುಗ ಅಚ್ಚುಕಟ್ಟಾಗಿಯೇ ಬರೆದಿದ್ದ. ಹೊರಗೋಡೆ ಇತ್ತು, ಕೋಣೆಗಳಿದ್ದವು, ಕೋಣೆ ತುಂಬ ಅಂಡಕಗಳಿದ್ದವು. ಬಲಗಡೆಯ ಮೇಲಿನ ಕೋಣೆಯಲ್ಲಿ ಮಾತ್ರ ಕಡಲೆಕಾಳಿನಷ್ಟು ಜಾಗ ಬೆಳ್ಳಗೆ ಬಿಟ್ಟು, ಸುತ್ತ ಪೆನ್ಸಿಲು ಉಜ್ಜಿ, ಬಾಣ ಎಳೆದು, 'ಬಿಳಿ ಗುಂಡು' ಎಂದು ಹೆಸರು ಕೊಟ್ಟಿದ್ದ.

ಇದೇನಪ್ಪಾ ಹೊಸದು ಎಂದುಕೊಂಡು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಮುಂದಿನದನ್ನು ತೆಗೆದಳು. ಅದರಲ್ಲೂ ಬಿಳಿ ಗುಂಡು. ಅದೇ ಕೋಣೆ, ಅದೇ ಮೂಲೆ. ಪಕ್ಕದಲ್ಲಿ ಕೂತವರು ನೋಡಿ ಬರೆದಿರಬೇಕು ಎಂದು ಸಿಟ್ಟು ಬಂತು. ಹೊಳಲ್ಕೆರೆಯ ಕಟ್ಟನ್ನು ಬದಿಗಿಟ್ಟು ಹೊಸದುರ್ಗದ್ದನ್ನು ಬಿಚ್ಚಿದಳು. ಅಲ್ಲೂ ಬಿಳಿ ಗುಂಡು. ಹಿರಿಯೂರಿನದನ್ನು ಬಿಚ್ಚಿದಳು. ಅಲ್ಲೂ ಅದೇ, ಒಬ್ಬನಂತೂ ಇಂಗ್ಲಿಷಿನಲ್ಲಿ 'ವೈಟ್ ಬಾಡಿ' ಎಂದೇ ನಾಮಕರಣ ಮಾಡಿದ್ದ. ಮೂರು ಊರಿನ ಅರವತ್ತೊಂದು ಮಕ್ಕಳಲ್ಲಿ ಐವತ್ತೆಂಟು ಮಂದಿ, ಒಬ್ಬರ ಮುಖ ಒಬ್ಬರು ಕಂಡಿರದವರು, ಯಾವ ಪುಸ್ತಕದಲ್ಲೂ ಇಲ್ಲದ ಒಂದು ಅಂಗವನ್ನು ಒಂದೇ ಜಾಗದಲ್ಲಿ ಕೂರಿಸಿಬಿಟ್ಟಿದ್ದರು.

ನೋಡಿ ಬರೆದದ್ದಲ್ಲ ಎಂಬುದು ಆಗ ಹೊಳೆಯಿತು. ಇವರೆಲ್ಲ ನೋಡಿದ್ದು ಒಂದನ್ನೇ, ತನ್ನನ್ನು. ಟಿವಿಯೊಳಗಿನ ತನ್ನನ್ನು.

ಆ ವರ್ಷ, ಎರಡು ಸಾವಿರದ ಆರರಲ್ಲಿ, ಜುಲೈ ತಿಂಗಳ ಒಂದು ಗುರುವಾರ ವಿಶ್ವವಿದ್ಯಾಲಯದಿಂದ ಆದೇಶ ಬಂದಿತ್ತು. ಬರುವ ಸೋಮವಾರದಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮೂರು ಅಧ್ಯಯನ ಕೇಂದ್ರಗಳಿಗೂ ವಿಜ್ಞಾನದ ಪಾಠವೆಲ್ಲ ಚಿತ್ರದುರ್ಗದಿಂದ ಉಪಗ್ರಹದ ಮೂಲಕ ಹೋಗತಕ್ಕದ್ದು. ಒಂದು ವಿಷಯಕ್ಕೆ ಒಬ್ಬರೇ ಮೇಷ್ಟ್ರು ಸಾಕು. ನಡುವೆ ಇದ್ದದ್ದು ಮೂರು ದಿನ, ಅದರಲ್ಲೊಂದು ಭಾನುವಾರ. ಹನ್ನೊಂದು ವರ್ಷ ದಿನಾ ಬಸ್ಸು ಹತ್ತಿ ಹಿರಿಯೂರಿಗೆ ಹೋಗಿ ಸಸ್ಯಶಾಸ್ತ್ರ ಹೇಳಿದ್ದವಳು ಶೋಭಾರಾಣಿ. ದಾರಿಯಲ್ಲಿ ತಂಗಡಿ, ತುಂಬೆ, ಉಮ್ಮತ್ತಿ ಏನು ಸಿಕ್ಕರೂ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ಎಲ್ಲರ ಕೈಗೂ ಒಂದೊಂದು ಹೂವು, ಒಂದೊಂದು ಬ್ಲೇಡು ಕೊಟ್ಟ ಮೇಲೆಯೇ ಬಾಯಿ ತೆರೆಯುವುದು ಅವಳ ರೂಢಿ. ಕೊಯ್ದು ನೋಡದ ಹೂವಿನ ಬಗ್ಗೆ ಅವಳು ಒಂದು ಮಾತೂ ಹೇಳುತ್ತಿರಲಿಲ್ಲ.

ಅಂಥವಳನ್ನು ತಂದು ಗೋಡೆಗೆಲ್ಲ ಸ್ಪಂಜು ಬಡಿದ ಒಂದು ಕೋಣೆಯಲ್ಲಿ ನಿಲ್ಲಿಸಿದರು. ಸದ್ದು ಬರುತ್ತದೆಂದು ಫ್ಯಾನು ಹಾಕುವಂತಿಲ್ಲ. ಕಣ್ಣು ಚುಚ್ಚುವ ಎರಡು ದೀಪ, ಎದುರಿಗೆ ಕ್ಯಾಮೆರಾ, ಕ್ಯಾಮೆರಾದ ಹಿಂದೆ ಅಂಜನ್ ಎಂಬ ತಣ್ಣನೆಯ ಆಸಾಮಿ. ಇಡೀ ಏರ್ಪಾಡಿಗೆ ಯೋಜನಾಧಿಕಾರಿ ಶ್ರೀನಿವಾಸ್, ಇಸ್ತ್ರಿ ಮಾಡಿದ ತೋಳು, ಕೈಯಲ್ಲಿ ಸದಾ ಒಂದು ಹಾಳೆ. ಪ್ರಾಣಿಶಾಸ್ತ್ರದ ಗಂಗಾಧರಪ್ಪ ಮೇಷ್ಟ್ರಿಗೆ ಮೂವತ್ತು ವರ್ಷದ ಅಭ್ಯಾಸ, 'ತಿಳೀತೇನ್ರಪ್ಪ' ಎಂದು ಕೇಳದೆ ಮುಂದಿನ ವಾಕ್ಯಕ್ಕೆ ಹೋಗಲಾರರು. ಉತ್ತರ ಕೊಡುವವರು ಯಾರೂ ಇಲ್ಲದೆ ಅವರು ಮೊದಲ ವಾರವೆಲ್ಲ ತಡವರಿಸಿದರು. ಕೊನೆಗೆ ಅಂಜನ್ ಕತ್ತು ಆಡಿಸುವುದಾಗಿ ಒಪ್ಪಿಕೊಂಡ. ಮೇಷ್ಟ್ರು ಕೇಳುವರು, ಅಂಜನ್ ಕತ್ತು ಆಡಿಸುವನು, ಪಾಠ ಮುಂದಕ್ಕೆ ಹೋಗುವುದು.

"ನೋಡು ಶೋಭಮ್ಮ," ಎಂದಿದ್ದರು ಅವರು ಒಂದು ದಿನ ಬೆವರು ಒರೆಸಿಕೊಳ್ಳುತ್ತ. "ಕಪ್ಪೆ ಬಗ್ಗೆ ಈಗ ಚಿತ್ರದುರ್ಗದಲ್ಲಿ ಅಂಜನ್‌ಗೆ ಗೊತ್ತಿರೋವಷ್ಟು ಯಾರಿಗೂ ಗೊತ್ತಿಲ್ಲ."

ಈಗ ಶೋಭಾರಾಣಿ ಉತ್ತರ ಪತ್ರಿಕೆಗಳನ್ನು ಹಾಗೇ ಹರಡಿಬಿಟ್ಟು, ಹಿತ್ತಲಿಗೆ ಹೋಗಿ ಒಂದು ಉಮ್ಮತ್ತಿ ಹೂವು ಕಿತ್ತುಕೊಂಡು ಸ್ಟುಡಿಯೋಗೆ ನಡೆದಳು. ಅಂಜನ್‌ಗೆ ದೀಪ ಹಾಕಲು ಹೇಳಿ, ಹೂವಿನ ಬುಡ ಕೊಯ್ದು, ಪಾಠದ ದಿನ ಹಿಡಿದಂತೆಯೇ ಹಿಡಿದಳು.

"ಅಂಜನ್, ಆ ಸಣ್ಣ ಟಿವೀನ ಈ ಕಡೆ ತಿರುಗಿಸಪ್ಪ."

ತಿರುಗಿಸಿದ. ಕೊಯ್ದ ಅಂಡಾಶಯದ ಹಸಿ ಮೈ ಮೇಲೆ, ಬಲಗಡೆಯ ಮೇಲಿನ ಕೋಣೆಯಲ್ಲಿ, ದೀಪದ ಬೆಳಕು ಬಿದ್ದು ಕಡಲೆಕಾಳಿನಷ್ಟು ಬೆಳ್ಳಗೆ ಹೊಳೆಯುತ್ತಿತ್ತು.

ಮಕ್ಕಳ ತಪ್ಪೇನೂ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದರು. ಕಂಡದ್ದನ್ನೇ ಬರೆಯಿರಿ ಎಂದು ಹನ್ನೊಂದು ವರ್ಷ ಬಡಕೊಂಡವಳೂ ತಾನೇ. ಒಂದು ಸಲ, ಒಂದೇ ಒಂದು ಸಲ ಹೂವನ್ನು ಕೈಯಲ್ಲಿ ಹಿಡಿದು ಕೊಯ್ದಿದ್ದರೆ ದೀಪದ ಬಲ್ಬನ್ನು ಹೂವಿನೊಳಗೆ ಬರೆಯುತ್ತಿರಲಿಲ್ಲ. ಡಿಸೆಂಬರ್ ನಾಲ್ಕಕ್ಕೆ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನಿಂದ ಪರೀಕ್ಷಕರು ಬಂದು ಪ್ರತಿಯೊಬ್ಬರ ಮುಂದೆ ಒಂದು ಹೂವಿಟ್ಟು ಕೊಯ್ಯಿರಿ ಎನ್ನುತ್ತಾರೆ. ಅದರಲ್ಲಿ ಬಿದ್ದರೆ ಬರಹದ ಪತ್ರಿಕೆಯಲ್ಲಿ ಎಷ್ಟೇ ಬಂದಿದ್ದರೂ ವರ್ಷ ಹೋಯಿತೆಂದೇ ಲೆಕ್ಕ. ಉಳಿದಿದ್ದದ್ದು ಮೂರು ವಾರ.

ಸೋಮವಾರ ಬೆಳಿಗ್ಗೆಯೇ ಶ್ರೀನಿವಾಸ್ ಮೇಜಿನ ಮುಂದೆ ನಿಂತಳು.

"ಸರ್, ಮೂರು ಕೇಂದ್ರಕ್ಕೂ ವಾರಕ್ಕೊಂದು ದಿನ ಪ್ರಾಕ್ಟಿಕಲ್‌ಗೆ ಹೋಗಕ್ಕೆ ಬಿಡ್ರಿ. ನಾನೇ ಹೋಗ್ತೀನಿ. ಬಸ್ ಚಾರ್ಜೂ ಕೇಳಲ್ಲ."

"ಕುಂತ್ಕಳ್ರಿ ಮೇಡಂ," ಎಂದ ಶ್ರೀನಿವಾಸ್. "ಪ್ರಾಕ್ಟಿಕಲ್ ತೋರಿಸ್ತಿದೀರಲ್ಲ, ಕ್ಲೋಸಪ್ಪಲ್ಲಿ. ಕ್ಲಾಸಲ್ಲಿ ಹಿಂದಿನ ಬೆಂಚಿನೋರಿಗೆ ಇಷ್ಟು ಚಂದ ಯಾವತ್ತು ಕಂಡಿತ್ತು?"

"ಕಂಡಿದ್ದೇ ಹೆಚ್ಚಾಗೈತೆ. ಇಲ್ಲದ್ದೂ ಕಾಣ್ತಾ ಐತೆ," ಎಂದು ಪತ್ರಿಕೆಗಳನ್ನು ಮುಂದಿಟ್ಟಳು.

ಆತ ನಾಲ್ಕಾರು ತಿರುವಿ ಹಾಕಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. "ಸಣ್ಣ ವಿಷಯ. ದೀಪ ಸ್ವಲ್ಪ ಪಕ್ಕಕ್ಕೆ ಸರಿಸಿದ್ರಾಯ್ತು. ನೀವು ಇದನ್ನ ನೋಡ್ರಿ." ಒಂದು ವಹಿ ತೆಗೆದು ಅವಳ ಕಡೆ ತಿರುಗಿಸಿದ. ಪ್ರತಿ ಪಾಠದ ಕೊನೆಯ ಹತ್ತು ನಿಮಿಷ ಮಕ್ಕಳು ಫೋನು ಮಾಡಿ ಸಂದೇಹ ಕೇಳಲಿ ಎಂದು ಬಿಟ್ಟಿದ್ದು. ಹದಿನೈದು ವಾರದಿಂದ ಬಂದ ಕರೆಗಳ ಅಂಕಣದಲ್ಲಿ ಒಂದರ ಕೆಳಗೊಂದು ಸೊನ್ನೆ, ಸುತ್ತಿ ಸುತ್ತಿ ಚೆಂದಾಗಿ ಬರೆದ ಸೊನ್ನೆ. "ಮೂರು ಸೆಂಟರಿಂದ ಒಂದು ಪ್ರಶ್ನೆನೂ ಬಂದಿಲ್ಲ. ಪ್ರಶ್ನೆ ಇಲ್ಲ ಅಂದ್ರೆ ಸಂದೇಹ ಇಲ್ಲ ಅಂತ ಅರ್ಥ. ಇದನ್ನೇ ಮೇಲಕ್ಕೂ ಬರ್ದೀವಿ. ಮುಂದಿನ ವರ್ಷ ಇನ್ನೂ ಆರು ತಾಲೂಕಿಗೆ ಕೊಡ್ತಾರಂತೆ. ಈಗ ಹೋಗಿ ಪ್ರಾಕ್ಟಿಕಲ್ ಬೇಕು ಅಂದ್ರೆ ಏನು ಕಾರಣ ಕೊಡ್ಲಿ?"

ಆ ಸೊನ್ನೆಗಳು ಅವಳನ್ನೂ ಇಷ್ಟು ದಿನ ಕೊರೆದಿದ್ದವು. ಪಾಠ ಮುಗಿಸಿ ಹತ್ತು ನಿಮಿಷ ಆ ಫೋನನ್ನೇ ನೋಡುತ್ತ ನಿಲ್ಲುವುದು, ಅದು ಸುಮ್ಮನೆ ಬಿದ್ದಿರುವುದು. ಒಂದು ದಿನ ತಡೆಯಲಾರದೆ ಕ್ಯಾಮೆರಾ ಮುಂದೆಯೇ ರೇಗಿದ್ದಳು. ಯಾರಿಗೂ ಬಾಯಿಲ್ವೇನ್ರೇ, ಕಲ್ಲಿಗೆ ಪಾಠ ಹೇಳ್ತಾ ಇದೀನಾ ನಾನು, ಎಂದು. ಮೂರು ಊರೂ ಕೇಳಿಸಿಕೊಂಡಿತ್ತು. ಫೋನು ಆಗಲೂ ಬಡಿದುಕೊಳ್ಳಲಿಲ್ಲ. ಧರ್ಮಪುರದಿಂದ ಹಿರಿಯೂರಿಗೆ ಬರುವ ಶಾಂತಿಯೂ ಬಾಯಿ ಮುಚ್ಚಿ ಕೂತಳಲ್ಲ ಎಂಬುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚಿನ ನೋವು. ಮೊದಲ ವರ್ಷ ಆ ಹುಡುಗಿ ಪ್ರಶ್ನೆ ಕೇಳಿ ಕೇಳಿ ಉಳಿದವರಿಂದ ಬೈಸಿಕೊಳ್ಳುತ್ತಿದ್ದಳು.

"ಕಾರಣ ನಾನು ತರ್ತೀನಿ," ಎಂದು ಎದ್ದಳು.

ಮಂಗಳವಾರ ತನ್ನ ಪಾಠವಿರಲಿಲ್ಲ. ಹಿರಿಯೂರಿನ ಬಸ್ಸು ಹಿಡಿದಳು. ಕೇಂದ್ರದ ಅದೇ ಹಳೆಯ ತರಗತಿಯಲ್ಲಿ ಕಪ್ಪುಹಲಗೆಗೆ ಅಡ್ಡವಾಗಿ ಕಬ್ಬಿಣದ ಗೂಡು ನಿಲ್ಲಿಸಿ ಅದರೊಳಗೆ ಟಿವಿ ಇಟ್ಟಿದ್ದರು. ಗಂಗಾಧರಪ್ಪ ಮೇಷ್ಟ್ರು ಒಳಗಿನಿಂದ 'ತಿಳೀತೇನ್ರಪ್ಪ' ಎಂದರು. ಇಪ್ಪತ್ಮೂರು ಮಕ್ಕಳು 'ಇಲ್ಲ ಸಾರ್' ಎಂದರು, ಒಟ್ಟಿಗೆ, ನಿಧಾನಕ್ಕೆ, ದಿನಾ ಹೇಳಿ ಅಭ್ಯಾಸವಾದವರ ಹಾಗೆ. ಮೇಷ್ಟ್ರು ತೃಪ್ತಿಯಿಂದ ಮುಂದಕ್ಕೆ ಹೋದರು.

ಶೋಭಾರಾಣಿ ಬಾಗಿಲಲ್ಲೇ ನಿಂತಳು. ಮೇಷ್ಟ್ರ ಮೇಲಲ್ಲ ಸಿಟ್ಟು. ಅಂಜನ್ ಕತ್ತಿನ ಮೇಲೂ ಅಲ್ಲ.

ಪಾಠ ಮುಗಿದದ್ದೇ ಶಾಂತಿ ಓಡಿ ಬಂದಳು. ಬಂದವಳು ಹತ್ತಿರ ಬರದೆ ಎರಡು ಮಾರು ದೂರದಲ್ಲೇ ನಿಂತಳು. ಅವಳಿಗೂ ಸಿಟ್ಟಿತ್ತು.

"ಏನೇ ಶಾಂತಿ, ಮಾತೇ ಬಿಟ್ಟೆಯಲ್ಲೇ. ಒಂದಿನ ಆದ್ರೂ ಒಂದು ಫೋನು ಮಾಡ್ಬಾರ್ದಾ?"

"ನಾನು ಬಿಟ್ನಾ ಮೇಡಂ? ನೀವು ಬಿಟ್ಟಿದ್ದು," ಎಂದಳು ಹುಡುಗಿ. "ಜುಲೈಯಿಂದ ಕೇಳ್ತಾನೇ ಇದೀವಿ. ಒಂದಕ್ಕಾದ್ರೂ ಉತ್ತರ ಹೇಳಿದ್ರಾ? ಅದರ ಮೇಲೆ ಕಲ್ಲು ಅಂತ ಬೈದ್ರಿ. ಅವತ್ತು ಇವರೆಲ್ಲ ನನ್ನೇ ನೋಡಿ ನಕ್ರು."

"ಎಲ್ಲಿ ಕೇಳಿದ್ರಿ? ಫೋನೇ ಬರ್ಲಿಲ್ಲವಲ್ಲ."

"ಫೋನು ಎಲ್ಲೈತೆ ಮೇಡಂ? ಅದು ಪೆಟ್ಟಿಗೆಯೊಳಗೈತೆ. ಚೀಟೀಲಿ ಬರ್ದು ಆಫೀಸಿಗೆ ಕೊಡ್ರಿ, ದುರ್ಗಕ್ಕೆ ಕಳಿಸ್ತೀವಿ ಅಂದ್ರು. ಕೊಟ್ವಿ."

ಕಚೇರಿಯಲ್ಲಿ ಮುಖ್ಯ ಗುಮಾಸ್ತ ಹನುಮಂತಪ್ಪ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಕೆಟ್ಟವನಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಕಾಗದ ಕಳೆದವನಲ್ಲ ಎಂಬುದು ಅವನ ಹೆಗ್ಗಳಿಕೆ. ಅವನ ಹಿಂದೆ ಕಿಟಕಿಯ ಕಟ್ಟೆಯ ಮೇಲೆ ಮರದ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಒಳಗಿನ ಫೋನಿನ ರಿಸೀವರಷ್ಟೇ ಹೊರಕ್ಕೆ ಬರುವಷ್ಟು ಕಂಡಿ. ಬಂದ ಕರೆ ತೆಗೆದುಕೊಳ್ಳಬಹುದು, ಹೊರಗೆ ಒತ್ತುವ ಹಾಗಿಲ್ಲ.

"ಬರ್ರಿ ಮೇಡಮ್ಮೋರೆ, ಟಿವಿಯಾಗೆ ದಪ್ಪ ಕಾಣ್ತೀರಿ, ಸೊರಗೀರಲ್ಲ," ಎಂದ.

"ಹನುಮಂತಪ್ಪ, ಆ ಫೋನಿಗೆ ಯಾಕೆ ಬೀಗ?"

"ಮೊದಲಿಂದ ಐತಲ್ರಿ. ಎಸ್ಟಿಡಿ ಬಿಲ್ಲು ಬತ್ತದೆ ಅಂತ ಹಳೇ ಪ್ರಿನ್ಸಿಪಾಲ್ರು ಹಾಕ್ಸಿದ್ದು. ಕೀ ಈಗಿನ ಸಾಹೇಬ್ರ ಹತ್ರ. ಅವರು ಮೀಟಿಂಗಿಗೆ ಹೋದ್ರೆ ಕೀನೂ ಮೀಟಿಂಗಿಗೆ ಹೋಗ್ತದೆ."

"ಮಕ್ಳು ಫೋನು ಮಾಡಿ ಪ್ರಶ್ನೆ ಕೇಳ್ಬೇಕು ಅಂತ ಆದೇಶದಾಗೇ ಐತಲ್ಲ."

"ಫೋನು ಮಾಡ್ಬೇಕು ಅಂತ ಐತೆ. ಬೀಗ ತೆಗೀಬೇಕು ಅಂತ ಎಲ್ಲೈತೆ, ತೋರ್ಸ್ರಿ."

"ಚೀಟಿ ಕೊಟ್ಟಿದ್ರಂತಲ್ಲ, ಅವು ಎಲ್ಲಿ?"

ಹನುಮಂತಪ್ಪನ ಮುಖ ಅರಳಿತು. ಬೀರು ತೆಗೆದು ಕೆಂಪು ಲಾಡಿ ಕಟ್ಟಿದ ಒಂದು ಕಡತವನ್ನು ಎರಡೂ ಕೈಯಲ್ಲಿ ತಂದಿಟ್ಟ. "ಒಂದೂ ಕಳ್ದಿಲ್ಲ. ಎಣಿಸ್ಕಳ್ರಿ."

ಬಿಚ್ಚಿದಳು. ನೋಟ್ ಪುಸ್ತಕದಿಂದ ಹರಿದ ಹಾಳೆಗಳು, ಬಸ್ ಟಿಕೆಟ್ಟಿನ ಹಿಂಬದಿ, ಪರೀಕ್ಷಾ ಅರ್ಜಿಯ ಚೂರು. ಪ್ರತಿಯೊಂದಕ್ಕೂ ಮೂಲೆಯಲ್ಲಿ ನೀಲಿ ಮೊಹರು, ಆವಕ ಸಂಖ್ಯೆ, ತಾರೀಕು. ಆವಕ ವಹಿಯಲ್ಲಿ ಅವೆಲ್ಲ ಸಾಲಾಗಿ ದಾಖಲಾಗಿದ್ದವು. ವಿಷಯ ಎಂಬ ಕಡೆ 'ಉಮ್ಮತ್ತಿ ಬಗ್ಗೆ', 'ಉಮ್ಮತ್ತಿ ಬಗ್ಗೆ', 'ಬೇರಿನ ಬಗ್ಗೆ', 'ಪುನಃ ಉಮ್ಮತ್ತಿ ಬಗ್ಗೆ'. ಒಟ್ಟು ಎಂಬತ್ತೇಳು.

"ಇವನ್ನ ಯಾಕೆ ಕಳಿಸ್ಲಿಲ್ಲ?"

"ಸಾಹೇಬ್ರು ಷರಾ ಬರೀಬೇಕಲ್ರಿ ಮೇಡಂ. ಅವರು ನೋಡಿ, ಇದು ನಮ್ಮ ವಿಷಯ ಅಲ್ಲ ಅಂದ್ರು. ಅಲ್ಲ ಅಂತನೂ ಬರೀಲಿಲ್ಲ, ಕಳಿಸು ಅಂತನೂ ಬರೀಲಿಲ್ಲ. ಷರಾ ಇಲ್ದೆ ಜಾವಕಕ್ಕೆ ಹೆಂಗ್ ಹಾಕ್ಲಿ? ನಾಳೆ ನನ್ನ ಕೇಳ್ತಾರೆ."

ಶಾಂತಿಯ ಕೈಬರಹ ಶೋಭಾರಾಣಿಗೆ ಪರಿಚಿತ. ಅಕ್ಟೋಬರ್ ಹನ್ನೊಂದರ ಚೀಟಿ. 'ಮೇಡಂ, ಉಮ್ಮತ್ತಿಯಲ್ಲಿ ಎರಡು ಕೋಣೆ ಅಂತ ಪುಸ್ತಕದಲ್ಲಿದೆ. ನೀವು ತೋರಿಸಿದ್ದರಲ್ಲಿ ನಾಲ್ಕು ಕಂಡವು. ಮತ್ತು ಆ ಬಿಳಿ ಗುಂಡು ಏನು? ಎಲ್ಲರೂ ಬರೆದುಕೊಂಡಿದ್ದಾರೆ. ನನಗೆ ಅನುಮಾನ.' ಅದರ ಕೆಳಗೆ ಹದಿನೆಂಟರದು. 'ಮೇಡಂ, ಬಿಳಿ ಗುಂಡಿನ ಬಗ್ಗೆ ಕೇಳಿದ್ದೆ.' ಅದರ ಕೆಳಗೆ ಇಪ್ಪತ್ತೈದರದು. 'ಮೇಡಂ, ನನ್ನ ಮೇಲೆ ಕೋಪವೇ?'

ಅವಳು ಆ ಚೀಟಿಯನ್ನು ಓದಿ ಮುಗಿಸಿ ಮತ್ತೆ ಅದರ ಜಾಗದಲ್ಲೇ ಇಟ್ಟಳು. ಕಿರುಚಿದ್ದರೆ ಹನುಮಂತಪ್ಪನಿಗೂ ಸಮಾಧಾನವಾಗುತ್ತಿತ್ತೇನೋ. ಕಡತ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡಳು.

"ಮೇಡಮ್ಮೋರೆ, ಹಂಗೆಲ್ಲ ಕಡತ ಒಯ್ಯಂಗಿಲ್ಲ. ಸಹಿ ಮಾಡ್ರಿ."

"ಕೊಡಪ್ಪ ಎಲ್ಲಿ ಮಾಡ್ಲಿ," ಎಂದು ಮಾಡಿದಳು. ಪೆನ್ನಿನ ಮೊನೆ ಹಾಳೆ ಹರಿದು ಕೆಳಗಿನ ಪುಟಕ್ಕೂ ಇಳಿಯಿತು.

ಬುಧವಾರ ಹನ್ನೊಂದಕ್ಕೆ ಅವಳ ಪಾಠ. ಅವತ್ತು ವಿಶ್ವವಿದ್ಯಾಲಯದಿಂದ ಇಬ್ಬರು ಅಧಿಕಾರಿಗಳು ಬಂದು ಸ್ಟುಡಿಯೋದ ಗಾಜಿನ ಆಚೆ ಕೂತಿದ್ದರು. ಶ್ರೀನಿವಾಸ್ ಅವರಿಗೆ ಬಿಸ್ಕತ್ತಿನ ತಟ್ಟೆ ಸರಿಸುತ್ತಿದ್ದ. ಕ್ಯಾಮೆರಾದ ಕೆಂಪು ದೀಪ ಹೊತ್ತಿತು. ಅಂಜನ್ ಕೈ ತೋರಿಸಿದ.

ಶೋಭಾರಾಣಿ ಹೂವು ಹಿಡಿಯಲಿಲ್ಲ. ಕಡತ ಬಿಚ್ಚಿದಳು.

"ಮಕ್ಕಳೇ, ನಾನು ನಿಮ್ಮನ್ನ ಕಲ್ಲು ಅಂದಿದ್ದೆ. ತಪ್ಪಾಯ್ತು. ನೀವು ಕೇಳಿದ್ದು ನನಗೆ ತಲುಪಿಲ್ಲ. ಈಗ ಓದ್ತೀನಿ. ಆವಕ ಸಂಖ್ಯೆ ನಾನೂರ ಹನ್ನೆರಡು, ಜುಲೈ ಇಪ್ಪತ್ತೇಳು. ಟಿವಿಯಲ್ಲಿ ಎಲೆ ಬಣ್ಣ ಹಳದಿ ಕಾಣುತ್ತದೆ, ಅದು ರೋಗವೋ ಟಿವಿಯೋ. ಟಿವಿ ಕಣ್ರಪ್ಪ. ಆವಕ ಸಂಖ್ಯೆ ನಾನೂರ ಹದಿನಾರು. ನೀವು ಹಿಡಿದ ಬೇರು ಎಷ್ಟು ಉದ್ದ, ಬೆರಳಷ್ಟೋ ಮೊಳವೋ. ಬೆರಳಷ್ಟು."

ಗಾಜಿನ ಆಚೆ ಬಿಸ್ಕತ್ತಿನ ತಟ್ಟೆ ನಿಂತಿತು. ಶ್ರೀನಿವಾಸ್ ಕೈಯಾಡಿಸಿ ಏನೋ ಸನ್ನೆ ಮಾಡಿದ. ಅವಳು ಆ ಕಡೆ ನೋಡಲಿಲ್ಲ. ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು. ದನಿ ಮಾತ್ರ ಏರಲಿಲ್ಲ. ಒಂದೊಂದು ಚೀಟಿಯನ್ನೂ ತಾರೀಕು ಸಮೇತ ಓದಿದಳು, ಒಂದೊಂದಕ್ಕೂ ಉತ್ತರ ಕೊಟ್ಟಳು. ಮೂವತ್ತೊಂದನೆಯದು ಶಾಂತಿಯದು.

"ಬಿಳಿ ಗುಂಡು ಏನು ಅಂತ ಈ ಹುಡುಗಿ ಐದು ವಾರದ ಹಿಂದೆ ಕೇಳಿದಾಳೆ. ಅದು ಹೂವಿನ ಭಾಗ ಅಲ್ಲ. ನನ್ನ ತಲೆ ಮೇಲೆ ಉರೀತಿರೋ ಈ ದೀಪ. ಐವತ್ತೆಂಟು ಜನ ದೀಪ ಬರೆದೀರಿ. ನಿಮಗೆ ಹೂವು ಕೊಡದೆ ದೀಪ ಕೊಟ್ಟಿದ್ದು ನಾವು. ಇನ್ನು ಕೋಣೆ ಎರಡೋ ನಾಲ್ಕೋ ಅನ್ನೋದನ್ನ ನಾನು ಬಾಯಲ್ಲಿ ಹೇಳಲ್ಲ. ಅದನ್ನ ಕೊಯ್ದೇ..."

ಕೆಂಪು ದೀಪ ಆರಿತು. ಸಣ್ಣ ಟಿವಿಯಲ್ಲಿ ಅವಳ ಮುಖ ಹೋಗಿ 'ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ' ಎಂಬ ಹಲಗೆ ಬಂತು. ಬಾಗಿಲು ತಳ್ಳಿಕೊಂಡು ಶ್ರೀನಿವಾಸ್ ಒಳಗೆ ಬಂದ.

"ಏನ್ ಮೇಡಂ ಇದು. ಯಾರು ಕುಂತಿದಾರೆ ಅಂತ ಗೊತ್ತೇನ್ರಿ? ಹದಿನೈದು ವಾರದ ಕೆಲಸ ಹಾಳು ಮಾಡಿದ್ರಲ್ರಿ."

"ಕಾರಣ ಕೇಳಿದ್ರಲ್ಲ ಸರ್. ಎಂಬತ್ತೇಳು ಅವೆ. ಮೂವತ್ತಕ್ಕೇ ನಿಲ್ಲಿಸಿದ್ರಿ." ಕಡತವನ್ನು ಅವನ ಎದೆಗೆ ಹಿಡಿದಳು. "ಇದು ಹಿರಿಯೂರಿಂದು ಒಂದೇ. ನಿಮ್ಮ ಸೊನ್ನೆ ಎಲ್ಲಾ ಅಳಿಸಿ ಬರ್ಕಳ್ರಿ. ನಾಳೆ ನಾನು ಹಿರಿಯೂರಲ್ಲಿರ್ತೀನಿ."

"ಆದೇಶ ಇಲ್ದೆ ಹೋದ್ರೆ ಮೆಮೋ ಕೊಡ್ಬೇಕಾಗ್ತದೆ."

"ಕೊಡ್ರಿ. ಅದಕ್ಕಾದ್ರೂ ಬೇಗ ಸಹಿ ಬೀಳ್ತದೆ."

ಗುರುವಾರ ಹಿರಿಯೂರಿನ ಪ್ರಯೋಗಾಲಯಕ್ಕೆ ಬೀಗ. ಆದೇಶ ಇಲ್ಲದೆ ಕೀ ಕೊಡಲಾರೆ ಎಂದ ಹನುಮಂತಪ್ಪ, ನೆಲ ನೋಡಿಕೊಂಡು. ಅವಳು ವಾದಕ್ಕೆ ನಿಲ್ಲಲಿಲ್ಲ. ವರಾಂಡದಲ್ಲಿ ಬೆಂಚುಗಳನ್ನು ಎಳೆಸಿ, ಅಂಗಡಿಯಿಂದ ಎರಡು ಡಜನ್ ಬ್ಲೇಡು ತರಿಸಿದಳು. ಹೂವಿಗೇನು, ಕಾಂಪೌಂಡಿನ ಹಿಂದಿನ ಚರಂಡಿಯ ಉದ್ದಕ್ಕೂ ಉಮ್ಮತ್ತಿ ಆಳೆತ್ತರ ಬೆಳೆದಿತ್ತು. ಹದಿನೈದು ವಾರ ಆ ಮಕ್ಕಳು ಅದನ್ನು ಟಿವಿಯಲ್ಲಿ ನೋಡಿದ್ದು, ಅದರಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತು.

"ವಿಷದ ಗಿಡ, ಕೈ ತೊಳೀದೆ ಕಣ್ಣು ಮುಟ್ಟಬೇಡ್ರಿ," ಎಂದಳು. "ಅರ್ಧ ಜನ ಮೇಲ್ಗಡೆ ಕೊಯ್ಯಿರಿ, ಅರ್ಧ ಜನ ಬುಡದಾಗೆ. ಆಮೇಲೆ ಪಕ್ಕದೋರದ್ದು ನೋಡ್ರಿ."

ಮೊದಲ ಸುತ್ತು ನೋಡಲಾಗಲಿಲ್ಲ. ಬ್ಲೇಡು ಹಿಡಿಯಲೇ ಬಾರದು. ಒಬ್ಬನು ಅಂಡಾಶಯವನ್ನು ಮೆಣಸಿನಕಾಯಿಯಂತೆ ಜಜ್ಜಿಹಾಕಿದ. ಒಬ್ಬಳು ಬೆರಳು ಕೊಯ್ದುಕೊಂಡಳು. "ಲೇ, ಹಂಗಲ್ಲ ಕಣೋ, ಬದನೆಕಾಯಿ ಹೆಚ್ತಾ ಇದೀಯೇನು? ಎಳೀಬೇಕು, ಒತ್ತಬಾರದು," ಎಂದು ರೇಗುತ್ತ, ಬೆಂಚಿನಿಂದ ಬೆಂಚಿಗೆ ಹೋಗುತ್ತ, ಒಬ್ಬೊಬ್ಬರ ಮಣಿಕಟ್ಟು ಹಿಡಿದು ತೋರಿಸಿದಳು. ಪ್ರತಿ ಮಣಿಕಟ್ಟು ಹಿಡಿದಾಗಲೂ ಅವಳ ಸಿಟ್ಟು ಏರುತ್ತಿತ್ತೇ ಹೊರತು ಇಳಿಯಲಿಲ್ಲ. ಜುಲೈಯಲ್ಲೇ ಕಲಿತಿರಬೇಕಾದ ಕೈಗಳು ಇವು.

ನಾಲ್ಕನೇ ಹೂವಿಗೆ ಶಾಂತಿಯ ಕೊಯ್ತ ನೇರ ಬಂತು. ಶೋಭಾರಾಣಿಯ ಭೂತಗನ್ನಡಿಯಲ್ಲಿ ನೋಡಿದಳು. ಪಕ್ಕದವಳದನ್ನು ಎಳೆದುಕೊಂಡು ನೋಡಿದಳು. ಮತ್ತೆ ತನ್ನದನ್ನು ನೋಡಿದಳು.

"ಮೇಲೆ ಕೊಯ್ದ್ರೆ ಎರಡೇ ಐತೆ ಮೇಡಂ. ಬುಡದಾಗೆ ನಾಲ್ಕು. ನಡುವೆ ಒಂದು ಸುಳ್ಳು ಗೋಡೆ ಎದ್ದೈತೆ, ಅದು ಮೇಲಿನ ತನಕ ಬಂದಿಲ್ಲ."

"ಹಂಗಾದ್ರೆ ಪುಸ್ತಕ ಸುಳ್ಳಾ, ಟಿವಿ ಸುಳ್ಳಾ?"

"ಎರಡೂ ಅಲ್ಲ. ಎಲ್ಲಿ ಕೊಯ್ದ್ರು ಅಂತ ಯಾರೂ ಹೇಳಿರ್ಲಿಲ್ಲ," ಎಂದಳು ಶಾಂತಿ. ಆಮೇಲೆ ಇನ್ನೊಂದು ಹೂವು ತೆಗೆದುಕೊಂಡಳು, ಯಾರೂ ಹೇಳದೆಯೇ.

ಮೂರು ಗಂಟೆ ಹೊತ್ತಿಗೆ ಹನುಮಂತಪ್ಪ ವರಾಂಡದ ಕೊನೆಯಲ್ಲಿ ಕಾಣಿಸಿಕೊಂಡ. "ಮೇಡಮ್ಮೋರೆ, ದುರ್ಗದಿಂದ ಫೋನು. ಶ್ರೀನಿವಾಸ್ ಸಾಹೇಬ್ರು. ಬಾಳ ಸಿಟ್ಟಾಗವ್ರೆ."

"ಕ್ಲಾಸಲ್ಲಿದಾರೆ ಅನ್ನು. ಕೇಳೋದಿದ್ರೆ ಚೀಟೀಲಿ ಬರ್ದು ಕಳಿಸ್ಲಿ."

ಮಕ್ಕಳು ನಕ್ಕರು. ಹನುಮಂತಪ್ಪ ಹೋಗಲಿಲ್ಲ. ಬೆಂಚಿನ ಮೇಲೆ ಹರಡಿದ ಹೂವಿನ ಚೂರುಗಳನ್ನು, ಮಕ್ಕಳ ಹಸಿರಾದ ಬೆರಳುಗಳನ್ನು ನೋಡುತ್ತ ನಿಂತ. ಧರ್ಮಪುರದ ಬಸ್ಸಿನ ಹೊತ್ತಾಗುತ್ತಿದ್ದರೂ ಯಾರೂ ಎದ್ದಿರಲಿಲ್ಲ. ಇಪ್ಪತ್ಮೂರರಲ್ಲಿ ಹದಿನಾಲ್ಕು ಮಂದಿಗೆ ಕೊಯ್ತ ಬಂದಿತ್ತು. ಒಂಬತ್ತು ಮಂದಿಗೆ ಇನ್ನೊಂದು ದಿನ ಬೇಕು. ಹೊಳಲ್ಕೆರೆ, ಹೊಸದುರ್ಗದ ಮೂವತ್ತೆಂಟು ಮಂದಿಗೆ ಎಲ್ಲವೂ ಬೇಕು. ಉಳಿದದ್ದು ಹದಿನೆಂಟು ದಿನ.

ಶೋಭಾರಾಣಿ ಕೈ ತೊಳೆದುಕೊಂಡು, ಉಳಿದ ಬ್ಲೇಡುಗಳನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಒದ್ದೆ ಬಟ್ಟೆಯಲ್ಲಿ ಮೂವತ್ತು ನಲವತ್ತು ಉಮ್ಮತ್ತಿ ಹೂವು ಕಟ್ಟಿಕೊಂಡಳು.

"ಹನುಮಂತಪ್ಪ, ಇಲ್ಲಿಂದ ಹೊಸದುರ್ಗಕ್ಕೆ ಬೆಳಿಗ್ಗೆ ಮೊದಲನೇ ಬಸ್ಸು ಎಷ್ಟಕ್ಕೈತೆ?"

"ಆರೂ ಕಾಲಿಗೆ ಐತೆ," ಎಂದ ಹನುಮಂತಪ್ಪ. ಸ್ವಲ್ಪ ತಡೆದು, "ಅಲ್ಲಿನ ಗುಮಾಸ್ತ ನಮ್ಮೋನೇ. ಚೀಟಿ ಎಲ್ಲಾ ಎಲ್ಲಿಟ್ಟವ್ನೆ ಅಂತ ನಾನು ಕೇಳಿ ಇಡ್ತೀನಿ," ಎಂದ.

"ಯಾವ ಫೋನಲ್ಲಿ ಕೇಳ್ತೀಯ?"

ಹನುಮಂತಪ್ಪ ಕಚೇರಿಯ ಕಡೆ, ಬೀಗ ಬಿದ್ದ ಪೆಟ್ಟಿಗೆಯ ಕಡೆ ತಿರುಗಿ ನೋಡಿದ. ಅವಳು ಹೂವಿನ ಗಂಟು ಎತ್ತಿಕೊಂಡು ಹೊರಟಳು.